ಲೊಬೊಲಾ ಅಂದರೆ ತೆರವೇ? ಹನ್ನೊಂದು ಹಸು, ಒಂದು ಹಾಳೆ ಮತ್ತು ದಕ್ಷಿಣ ಆಫ್ರಿಕಾದ ಹೆಣ್ಣುಮಕ್ಕಳು

ಪದಹುಳು

ದಕ್ಷಿಣ ಆಫ್ರಿಕಾದ ಜುಲು, ಖೋಸಾ ಮದುವೆಗಳ ಬಗೆಗಿನ ಬರಹವೊಂದು ಕನ್ನಡಕ್ಕೆ ಬರಬೇಕಿದೆ. ಮೊದಲ ಸಾಲಿನಲ್ಲೇ ಗಾಡಿ ನಿಂತಿದೆ. ‘ಲೊಬೊಲಾ’ಕ್ಕೆ ಕನ್ನಡದಲ್ಲಿ ಏನನ್ನೋಣ? ‘ಕನ್ಯಾಶುಲ್ಕ’ ಅಂದರೆ ಸಂಸ್ಕೃತದ ಪುಸ್ತಕ ವಾಸನೆ. ‘ವಧುದಕ್ಷಿಣೆ’ ಅಂದರೆ ವರದಕ್ಷಿಣೆಯನ್ನು ತಲೆಕೆಳಗು ನಿಲ್ಲಿಸಿದ ಹಾಗೆ. ನಮ್ಮ ಹಳೆಯ ‘ತೆರ’ ಹತ್ತಿರದ್ದು ಅನ್ನಿಸುತ್ತದೆ, ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಕೊಡುತ್ತಿದ್ದುದು.

ಆದರೆ ಮೂಲದಲ್ಲಿ ಒಬ್ಬ ಹೆಂಗಸು ನ್ಯಾಯಾಲಯಕ್ಕೆ ಹೋಗಿ ‘ನನಗೆ ಲೊಬೊಲಾ ಕೊಟ್ಟಿದ್ದಾರೆ, ಆದ್ದರಿಂದ ನಾನೇ ಹೆಂಡತಿ’ ಎಂದು ವಾದಿಸುತ್ತಾಳೆ. ತೆರವನ್ನು ಹೀಗೆ ಹಕ್ಕಿನಂತೆ ಎತ್ತಿ ಹಿಡಿದದ್ದು ನಮ್ಮಲ್ಲಿ ಕೇಳಿಲ್ಲ. ಯಾರು ಯಾರಿಗೆ ಎಷ್ಟು ಕೊಡುತ್ತಾರೆ, ಮಾತುಕತೆ ಹೇಗೆ ನಡೆಯುತ್ತದೆ, ಕಾನೂನು ಏನನ್ನುತ್ತದೆ, ಬಲ್ಲವರು ಬಿಡಿಸಿ ಹೇಳಿದರೆ ಪದ ತಾನಾಗಿ ಸಿಕ್ಕೀತು.

ದನದಸಂತೆ

ಮೊದಲು ದನದ ಲೆಕ್ಕ ಮುಗಿಸೋಣ್ರಿ, ಉಳಿದದ್ದು ಆಮ್ಯಾಲೆ.

ಜುಲು ಮಂದಿಯೊಳಗ ‘ಹನ್ನೊಂದು ಹಸು’ ಅನ್ನೋ ಮಾತು ಎಲ್ಲಾರ ಬಾಯಾಗೂ ಅದ. ಕೇಳಿದವರು ಅದು ಮುತ್ತಜ್ಜನ ಮುತ್ತಜ್ಜನ ಕಾಲದ್ದು ಅಂದ್ಕೋತಾರ. ಅಲ್ಲ. 1869ರಾಗ ನಟಾಲ್ ವಸಾಹತಿನ ಬ್ರಿಟಿಷ್ ಅಧಿಕಾರಿ ಥಿಯೋಫಿಲಸ್ ಶೆಪ್‌ಸ್ಟನ್ ಹಾಕಿದ ಮಿತಿ ಅದು. ಸಾಮಾನ್ಯರ ಮಗಳಿಗೆ ಹತ್ತು ದನ, ಅದರ ಮ್ಯಾಲೆ ತಾಯಿಗೆ ಒಂದು. ಮುಖಂಡರ ಮನಿತನಕ್ಕ ಇನ್ನೂ ಹೆಚ್ಚು. ಸರ್ಕಾರ ‘ಇದಕ್ಕಿಂತ ಹೆಚ್ಚು ಕೇಳಬ್ಯಾಡ್ರಿ’ ಅಂತ ಹಾಕಿದ ಗೆರಿಯನ್ನ ಜನ ‘ಇಷ್ಟು ಕೊಡಲೇಬೇಕು’ ಅಂತ ಓದಿಕೊಂಡ್ರು. ಅದಕ್ಕೂ ಮೊದಲು ಎಣಿಕಿ ಗಟ್ಟಿ ಇರಲಿಲ್ಲ. ಮಳಿ ಆತೋ, ಹಟ್ಟಿಯೊಳಗ ಕರು ಉಳದ್ವೋ ನೋಡಿಕೊಂಡು ವರ್ಷಗಟ್ಟಲೆ ಒಂದೊಂದೇ ದನ ಹೊಡಕೊಂಡು ಹೋಗ್ತಿದ್ರು.

ಆ ಹನ್ನೊಂದನೇ ಹಸುವಿನ ಮ್ಯಾಲೆ ಕಣ್ಣಿಡ್ರಿ. ಅದಕ್ಕ ‘ಇಂಗುತು’ ಅಂತಾರ, ನಡುವ ನಾಲಿಗಿ ಟಕ್ ಅನ್ನಿಸೋ ಸದ್ದು ಅದ, ನಮ್ಮ ಲಿಪಿಗೆ ಸಿಗೂದಿಲ್ಲ. ಆಡುಮಾತಿನಾಗ ‘ತಾಯಿ ಹಸು’. ಅದು ತಾಯಿಯ ಸ್ವಂತದ್ದು. ಅಪ್ಪ, ಅಣ್ಣ ಕೈ ಹಚ್ಚಂಗಿಲ್ಲ, ಅಪ್ಪನ ಸಾಲಕ್ಕ ಜಪ್ತಿ ಆಗಂಗಿಲ್ಲ. ಮಗಳನ್ನ ಕಾಯ್ದು ಬೆಳಸಿದ್ದಕ್ಕ ತಾಯಿಗೆ ಸಲ್ಲೋ ಮರ್ಯಾದಿ ಅದು. ಒಬ್ಬ ಮಗಳಿಗೆ ಒಂದೇ ಸಲ ಬರತದ. ಮದುವಿಗೆ ಮೊದಲೇ ಆಕಿಗೆ ಬಸಿರಾಗಿ ಆ ಗಂಡಸು ತಾಯಿ ಹಸು ಕೊಟ್ಟಿದ್ದರ ಮದುವಿಯಾಗ ಮತ್ತ ಕೇಳಂಗಿಲ್ಲ.

ರೊಕ್ಕ ಹೆಂಗ ಬಂತು? 1896-97ರಾಗ ಆ ಭಾಗಕ್ಕ ದೊಡ್ಡರೋಗ (ದನಗಳಿಗೆ ಬರೋ ರಿಂಡರ್‌ಪೆಸ್ಟ್) ಬಂತು. ನಮ್ಮ ಹಳ್ಳಿ ಹಿರೇರಿಗೆ ಈ ಹೆಸರು ಹೇಳಿದ್ರ ಸಾಕು, ವಿವರಿಸೋದು ಬ್ಯಾಡ. ಬಹುಪಾಲು ದನ ಸತ್ತು ಹಟ್ಟಿ ಖಾಲಿ ಆದ್ವು. ಅದೇ ಹೊತ್ತಿಗೆ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿ ಕೂಲಿಗೆ ಕರೀತಿತ್ತು. ಮೊದಲು ಮಗನ ಲೊಬೊಲಾ ಅಪ್ಪನ ಹಟ್ಟಿಯಿಂದ ಹೋಗಬೇಕಿತ್ತು, ಅಂದ್ರ ಯಾವಾಗ, ಯಾರನ್ನ ಅನ್ನೋದು ಅಪ್ಪನ ಕೈಯಾಗಿತ್ತು. ಗಣಿ ಪಗಾರ ಬಂದ ಮ್ಯಾಲೆ ಮಗ ತಂದು ತಾನೇ ಕೊಡಾಕ ಹತ್ತಿದ. ಸಂಪ್ರದಾಯ ಉಳೀತು, ಒಳಗಿನ ಹಿಡಿತ ಬ್ಯಾರೆಯವರ ಕೈಗೆ ಹೋತು.

ಈಗ ಪ್ಯಾಟಿಯೊಳಗ ‘ಹಸು’ ಅಂದ್ರ ಒಂದು ಎಣಿಕಿ ಅಷ್ಟ. ಒಂದು ಹಸುವಿಗೆ 6,000 ರ‍್ಯಾಂಡ್ (ಅಲ್ಲಿನ ರೊಕ್ಕ) ಅಂತ ಒಪ್ಪಿದ್ರು ಅನ್ರಿ, ಹತ್ತಕ್ಕ 60,000, ತಾಯಿದು ಸೇರಿ 66,000. ಸಂತಿಯೊಳಗ ಆ ದುಡ್ಡಿಗೆ ಒಳ್ಳೆ ಹಸು ಬರೂದಿಲ್ಲ, ಅದು ಇಬ್ಬರಿಗೂ ಗೊತ್ತು. ಜಗಳ ಏಳೋದು ಎಲ್ಲಿ ಅಂದ್ರ, ಹನ್ನೊಂದೂ ರೊಕ್ಕದಾಗೋ, ಒಂದೆರಡು ಜೀವಂತ ದನ ಬೇಕೋ ಅನ್ನೋದನ್ನ ಮೊದಲೇ ಹೇಳಿರೂದಿಲ್ಲ. ತಾಯಿ ಹಸು ಮಾತ್ರ ನಾಕು ಕಾಲಿನ ಮ್ಯಾಲೆ ನಡಕೊಂಡ ಬರಬೇಕು ಅಂತ ಹಟ ಹಿಡಿಯೋ ಮನಿಗಳು ಅದಾವ.

ಸುರಗಿ

ದನದ ಲೆಕ್ಕಕ್ಕೆ ಥ್ಯಾಂಕ್ಸ್ ಸಂತೆಯವರೇ. ನಾನು ಆ ದಿನದ ಕ್ರಮ ಹೇಳುತ್ತೇನೆ. ಮನೆತನದಿಂದ ಮನೆತನಕ್ಕೆ ವ್ಯತ್ಯಾಸ ಇದ್ದದ್ದೇ, ಇದು ಹೆಚ್ಚಾಗಿ ಜುಲು ಪದ್ಧತಿ.

ಗಂಡಿನ ಮನೆಯಿಂದ ಮೊದಲು ಒಂದು ಪತ್ರ ಹೋಗುತ್ತದೆ. ‘ನಿಮ್ಮ ಮನೆಗೆ ಬರಬೇಕೆಂದಿದ್ದೇವೆ, ದಿನ ಕೊಡಿ.’ ಹೆಣ್ಣಿನ ಮನೆಯವರು ದಿನ ಗೊತ್ತುಮಾಡುತ್ತಾರೆ. ಆ ದಿನ ಹೋಗುವವರು ‘ಅಬಖೋಂಗಿ’, ಸಂಧಾನದ ಹಿರಿಯರು. ಖೋಸಾದಲ್ಲಿ ಇವರೇ ‘ಊನೊಜಕುಜಕು’. ಚಿಕ್ಕಪ್ಪ, ಸೋದರಮಾವ, ಮಾತು ಬಲ್ಲ ನೆರೆಯವರು, ಎಲ್ಲ ಸೇರಿ ಮೂರು ನಾಲ್ಕು ಜನ. ಮದುಮಗ ಒಳಗೆ ಬರುವಂತಿಲ್ಲ. ಅವನು ಎಲ್ಲೋ ಕಾರಿನಲ್ಲಿ ಕೂತು ಫೋನು ನೋಡುತ್ತಿರುತ್ತಾನೆ.

ಬೆಳಗಿನ ಜಾವವೇ ಹೋಗಬೇಕು. ಗೇಟಿನ ಹೊರಗೆ ನಿಂತು ಹೆಣ್ಣಿನ ಮನೆತನದ ಬಿರುದಾವಳಿಯನ್ನು ಗಟ್ಟಿಯಾಗಿ ಹೇಳಬೇಕು. ಇದಕ್ಕೆ ‘ಇಝಿತಕಝೆಲೊ’ ಎನ್ನುತ್ತಾರೆ, ಕುಲದ ಹಿರಿಯರ ಹೆಸರುಗಳ ಸರಪಳಿ. ತಪ್ಪು ಹೆಸರು ಹೇಳಿದರೆ ದಂಡ, ತಡವಾದರೆ ದಂಡ. ಒಳಗಿನವರು ಕೇಳಿಸಿದರೂ ಕೇಳಿಸದ ಹಾಗೆ ಕಾಯಿಸುವುದು ಆಟದ ಭಾಗ. ಒಳಗೆ ಕರೆದ ಮೇಲೂ ಯಾರೂ ಮಾತಾಡುವುದಿಲ್ಲ. ‘ಇಮ್ವುಲಮ್ಲೊಮೊ’ ಇಟ್ಟ ಮೇಲೆಯೇ ಮಾತು. ಅಂದರೆ ಬಾಯಿ ಬಿಡಿಸುವ ಕಾಣಿಕೆ, ಹಿಂದೆ ಒಂದು ಬಾಟಲಿ ಬ್ರಾಂದಿ, ಈಗ ನೋಟು, ಹಲವು ಮನೆಗಳಲ್ಲಿ ಎರಡೂ. ಇದು ಲೊಬೊಲಾದ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಮುಂಗಡ ಎಂದು ಕಳೆಯಲು ಹೊರಟ ಸಂಧಾನಕಾರ ಮೊದಲ ಅರ್ಧ ಗಂಟೆಯಲ್ಲೇ ಮಾನ ಕಳೆದುಕೊಳ್ಳುತ್ತಾನೆ.

ಬಂದವರು ‘ಹೆಣ್ಣು ಕೇಳಲು ಬಂದೆವು’ ಅನ್ನುವುದಿಲ್ಲ. ‘ಒಳ್ಳೆಯ ನೆಂಟಸ್ತನ ಬೇಡಲು ಬಂದೆವು’ ಅನ್ನುತ್ತಾರೆ. ಆಮೇಲೆ ಹುಡುಗಿಯನ್ನು ಕರೆಯುತ್ತಾರೆ. ‘ಇವರು ನಿನಗೆ ಗೊತ್ತೇನಮ್ಮಾ?’ ಈ ಒಂದು ಪ್ರಶ್ನೆ ಮುಖ್ಯ. ಅವಳು ‘ಗೊತ್ತು’ ಎಂದರೆ ಮುಂದಿನ ಮಾತು. ‘ಗೊತ್ತಿಲ್ಲ’ ಎಂದರೆ ಬಂದವರು ಚಪ್ಪಲಿ ಮೆಟ್ಟಿಕೊಳ್ಳಬೇಕು.

ಹಣದ ಮಾತು ಒಂದೇ ದಿನಕ್ಕೆ ಮುಗಿಯುವುದು ಅಪರೂಪ. ಒಂದು ಭಾಗ ಕೊಟ್ಟು, ಉಳಿದದ್ದು ಕಂತು. ಪೂರ್ತಿ ಚುಕ್ತಾ ಮಾಡುವುದು ಕೆಲವು ಮನೆಗಳಲ್ಲಿ ಒರಟುತನವೇ ಸರಿ. ಸಂಬಂಧ ಹರಿದುಕೊಂಡ ಹಾಗೆ ಕಾಣುತ್ತದೆ.

ಮೂಲೆಮನೆ

ಎಲ್ಲ ಚೆಂದ. ಆದರೆ ಬಿರುದಾವಳಿ ಹೇಳಿ ಬ್ರಾಂದಿ ಇಟ್ಟು ನೆಂಟಸ್ತನ ಅಂದರೂ, ಕೊನೆಗೆ ಹನ್ನೊಂದು ಹಸು ಕೊಟ್ಟು ಒಬ್ಬ ಹುಡುಗಿಯನ್ನು ಕರೆದೊಯ್ಯುವುದು ತಾನೆ? ಇದನ್ನು ಮಾರಾಟ ಅನ್ನಲು ಯಾಕೆ ಹಿಂಜರಿಕೆ? ನಮ್ಮ ತೆರವನ್ನೂ ಸುಧಾರಕರು ಅದೇ ಹೆಸರಿನಿಂದ ಕರೆದಿದ್ದರು. ಸಂಬಳ ತರುವ, ಓದಿದ ಹುಡುಗಿಗೆ ಹೆಚ್ಚು ಹಸು ಕೇಳುತ್ತಾರಂತೆ. ಬೆಲೆಪಟ್ಟಿ ಅಲ್ಲದೆ ಇನ್ನೇನು ಅದು?

ಸುರಗಿ

ಮೂಲೆಮನೆಯವರೇ, ಓದಿಗೆ ತಕ್ಕ ಹಾಗೆ ಕೇಳುವುದು ನಿಜ. ಅಲ್ಲಿನ ಹೆಂಗಸರೇ ಅದನ್ನು ಬೈಯುತ್ತಾರೆ, ಬೆಲೆಪಟ್ಟಿಯನ್ನು ಗೇಲಿ ಮಾಡುವ ‘ಲೊಬೊಲಾ ಕ್ಯಾಲ್ಕುಲೇಟರ್’ ಆ್ಯಪ್ ಕೂಡ ಬಂದು ದೊಡ್ಡ ಗದ್ದಲ ಆಗಿತ್ತು. ಆದರೆ ಹಣ ಒಂದೇ ದಿಕ್ಕಿಗೆ ಹರಿಯುತ್ತದೆ ಅನ್ನುವುದು ತಪ್ಪು. ಲೊಬೊಲಾ ಆದ ಮೇಲೆ ಇನ್ನೂ ಎರಡು ಹಂತ ಇವೆ.

ಒಂದು ‘ಉಮೆಂಬೆಸೊ’, ಗಂಡಿನವರು ಹೆಣ್ಣಿನ ಮನೆಯವರಿಗೆ ಹೊದಿಸುವುದು. ತಾಯಿಗೆ ಕಂಬಳಿ, ಏಪ್ರನ್, ತಲೆವಸ್ತ್ರ, ಮೂರು ಕಾಲಿನ ಕಬ್ಬಿಣದ ಪಾತ್ರೆ. ತಂದೆಗೆ ಕೋಟು, ಟೋಪಿ, ಊರುಗೋಲು. ಅಜ್ಜಿ, ಅತ್ತೆಯರಿಗೆ ಕಂಬಳಿ. ಹೆಸರು ಹೆಸರಾಗಿ ಪಟ್ಟಿ ಮೊದಲೇ ಕೊಟ್ಟಿರುತ್ತಾರೆ.

ಇನ್ನೊಂದು ‘ಉಮಾಬೊ’. ಇಲ್ಲಿ ಕೊಡುವವಳು ಮದುಮಗಳು. ಗಂಡನ ಮನೆಯ ಹಿರಿಯರಿಗೆಲ್ಲ ಹುಲ್ಲಿನ ಚಾಪೆ, ಕಂಬಳಿ, ದಿಂಬು. ಸತ್ತುಹೋದ ಹಿರಿಯರ ಹೆಸರಿಗೂ ಒಂದೊಂದು. ಚಾಪೆ ಹಾಸಿ, ಆ ಹೆಸರಿನವರನ್ನು ಕೂರಿಸಿ, ಹೊದಿಸಿ, ಹಾಡಿ ಕುಣಿಯುತ್ತಾರೆ. ಒಬ್ಬರ ಹೆಸರು ಬಿಟ್ಟುಹೋದರೂ ಜೀವನಪೂರ್ತಿ ಮಾತು ಕೇಳಬೇಕು, ಅದಕ್ಕೇ ಗಂಡನ ಮನೆಯಿಂದ ಹೆಸರಿನ ಪಟ್ಟಿಯನ್ನು ಬರೆಸಿಕೊಂಡು ಬರುತ್ತಾರೆ. ಮೂವತ್ತು ನಲವತ್ತು ಹೆಸರಿನ ಪಟ್ಟಿಯಾದರೆ ಬಂದ ಹಸುವಿನ ಹಣದಲ್ಲಿ ಒಳ್ಳೆಯ ಪಾಲು ಚಾಪೆ ಕಂಬಳಿಗೇ ಸರಿಹೋಗುತ್ತದೆ.

ಇನ್ನು ಹಸುವಿನ ಹಣ ಎಲ್ಲಿಂದ? ಈಗ ನಗರದಲ್ಲಿ ಜೋಡಿಗಳು ಇಬ್ಬರ ಸಂಬಳದಿಂದಲೂ ಕೂಡಿಹಾಕಿ, ಹುಡುಗನ ಹೆಸರಿನಲ್ಲಿ ಚಿಕ್ಕಪ್ಪಂದಿರ ಕೈಗೆ ಕೊಟ್ಟು ಕಳಿಸುವುದು ಗುಟ್ಟೇನಲ್ಲ. ಹೆಣ್ಣಿನ ಮನೆಯವರಿಗೆ ಗೊತ್ತಾಗಬಾರದು, ಅಷ್ಟೆ.

ದನದಸಂತೆ

ಮೂಲಿಮನಿಯವರ ಮಾತಿಗೆ ಒಂದು ಜೋಡಣಿ. ಹಳೇ ಪಂಡಿತರು ಇದನ್ನ ‘ಹೆಣ್ಣಿನ ಬೆಲಿ’ ಅಲ್ಲ, ‘ಮಕ್ಕಳ ಬೆಲಿ’ ಅಂತ ವಾದಿಸ್ಯಾರ. ಆ ಕಡೆ ಒಂದು ಗಾದಿ ಅದ, ‘ದನ ಎಲ್ಲಿಲ್ಲವೋ ಮಕ್ಕಳು ಅಲ್ಲಿ.’ ಬಿಡಿಸಿದ್ರ, ಯಾರ ಹಟ್ಟಿಯಿಂದ ದನ ಹೋದ್ವೋ ಅವರ ಕುಲಕ್ಕ ಮಕ್ಕಳು. ದನ ಹೋಗಲಿಲ್ಲ ಅಂದ್ರ ಮಕ್ಕಳು ತಾಯಿಯ ತವರಿನವು, ಅಜ್ಜನ ಅಡ್ಡಹೆಸರು.

ಅದಕ್ಕ ಮದುವಿ ಇಲ್ದ ಬಸುರಾದ್ರ ‘ಇನ್ಹ್ಲವುಲೊ’ ಅನ್ನೋ ಬ್ಯಾರೆ ತಪ್ಪುದಂಡ ಅದ. ಅದನ್ನ ಕೊಟ್ಟವ ತಂದಿ ಅಂತ ಒಪ್ಪಿಕೊಂಡ ಹಂಗ, ಗಂಡ ಅಂತ ಅಲ್ಲ. ಈ ಎರಡನ್ನ ಒಂದ ಚೀಟಿಯಾಗ ಬರದು ಮುಂದ ‘ನಾವು ಕೊಟ್ಟದ್ದು ದಂಡ, ಲೊಬೊಲಾ ಅಲ್ಲ’ ಅಂತ ಹೊಡೆದಾಡಿದ ಮನಿ ಕಮ್ಮಿ ಇಲ್ಲ. ಬರೆಯೋವಾಗ ಎರಡು ಸಾಲು, ಎರಡು ಮೊತ್ತ. ಇದನ್ನ ಮರೀಬ್ಯಾಡ್ರಿ.

ಕಟ್ಟೆವಕೀಲ

ಚೀಟಿಯ ಮಾತು ಬಂತು, ಈಗ ನನ್ನ ಸರದಿ.

ಪದಹುಳು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಹಸುವಿನಲ್ಲಲ್ಲ, ಹಸು ಏನನ್ನು ರುಜುವಾತು ಮಾಡುತ್ತದೆ ಎನ್ನುವುದರಲ್ಲಿ. 1927ರ ‘ಕಪ್ಪು ಜನರ ಆಡಳಿತ ಕಾಯ್ದೆ’ಯ ಪ್ರಕಾರ ಸಾಂಪ್ರದಾಯಿಕವಾಗಿ ಮದುವೆಯಾಗಿ ಗಂಡನ ಜತೆ ಇರುವ ಹೆಂಗಸು ಅಪ್ರಾಪ್ತೆಯ ಸಮಾನ, ಗಂಡನೇ ಪೋಷಕ. ಚರ್ಚಿನ ಅಥವಾ ರಿಜಿಸ್ಟ್ರಾರ್ ಕಚೇರಿಯ ಮದುವೆ ಮಾತ್ರ ಪೂರ್ಣ ‘ಮದುವೆ’, ಇದು ಬರೀ ‘ಕೂಡಿಕೆ’. (ನಮ್ಮಲ್ಲಿ ವಿಧವೆಯ ಮರುಮದುವೆಗೆ ಕೂಡಿಕೆ ಎಂದು ಹೆಸರಿಟ್ಟು, ಕಡಿಮೆ ತೆರ ಇಟ್ಟು, ಮಂಟಪದ ಹೊರಗೆ ನಿಲ್ಲಿಸಿದ ಹಾಗೆಯೇ.)

ವರ್ಣಭೇದ ನೀತಿ ಹೋದ ಮೇಲೆ 1998ರ 120ನೇ ಕಾಯ್ದೆ, ಸಾಂಪ್ರದಾಯಿಕ ವಿವಾಹಗಳ ಮಾನ್ಯತಾ ಕಾಯ್ದೆ, ಬಂತು. ಜಾರಿಗೆ ಬಂದದ್ದು 2000ದ ನವೆಂಬರ್ 15. ಕಲಂ 3ರ ಷರತ್ತುಗಳು: ಇಬ್ಬರಿಗೂ 18 ತುಂಬಿರಬೇಕು, ಸಾಂಪ್ರದಾಯಿಕ ಕಾನೂನಿನಂತೆ ಮದುವೆಯಾಗಲು ಇಬ್ಬರೂ ಒಪ್ಪಿರಬೇಕು, ಆ ಪದ್ಧತಿಯಂತೆ ಮಾತುಕತೆ ನಡೆದು ಮದುವೆ ಆಗಿರಬೇಕು. ಕಲಂ 6 ಹೆಂಡತಿಗೆ ಗಂಡನಷ್ಟೇ ಸ್ಥಾನಮಾನ, ಆಸ್ತಿ ಹೊಂದುವ, ಕರಾರು ಮಾಡುವ ಹಕ್ಕು ಕೊಟ್ಟಿತು. ಗಮನಿಸಿ, ಕಲಂ 3ರಲ್ಲಿ ಲೊಬೊಲಾ ಎಂಬ ಪದವೇ ಷರತ್ತಾಗಿ ಇಲ್ಲ. ಆದರೆ ‘ಮಾತುಕತೆ ನಡೆಯಿತು’ ಎನ್ನಲು ನ್ಯಾಯಾಲಯದ ಮುಂದೆ ಇಡುವ ಮೊದಲ ಸಾಕ್ಷಿ ಲೊಬೊಲಾ ಪತ್ರವೇ, ಅಂದರೆ ಮಾತುಕತೆಯ ದಿನ ಬರೆದುಕೊಳ್ಳುವ ಆ ಚೀಟಿ. ಆ ಹೆಂಗಸು ‘ನನಗೆ ಲೊಬೊಲಾ ಕೊಟ್ಟಿದ್ದಾರೆ’ ಎಂದು ವಾದಿಸುವುದು ಇದಕ್ಕಾಗಿ.

ಅತಿ ಹೆಚ್ಚು ಜಗಳ ಆಗುವುದು ಸಾವಿನ ಮನೆಯಲ್ಲಿ. ಗಂಡ ಸತ್ತ, ಅರ್ಧ ಲೊಬೊಲಾ ಬಾಕಿ ಇತ್ತು, ದೊಡ್ಡ ಮದುವೆ ಆಗಿರಲಿಲ್ಲ. ಅತ್ತೆ ಮನೆಯವರು ‘ಇವಳು ಗೆಳತಿ, ಹೆಂಡತಿ ಅಲ್ಲ’ ಎನ್ನುತ್ತಾರೆ. ಮನೆ, ಪಿಂಚಣಿ, ಅಂತ್ಯಕ್ರಿಯೆಯ ಹಕ್ಕು ಎಲ್ಲವೂ ಆ ಒಂದು ಮಾತಿಗೆ ತೂಗುತ್ತವೆ. ಅವರ ಗಟ್ಟಿ ವಾದ: ವಧುವನ್ನು ವಿಧಿವತ್ತಾಗಿ ಗಂಡನ ಮನೆಗೆ ಒಪ್ಪಿಸಿಕೊಟ್ಟಿಲ್ಲ. ನಮ್ಮಲ್ಲಿ ಮನೆ ತುಂಬಿಸಿಕೊಳ್ಳುವುದು ಇದೆಯಲ್ಲ, ಅಂಥದ್ದು. 2014ರ ಮೊರೊಪಾನೆ ಪ್ರಕರಣದಲ್ಲಿ ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಬಹಳ ತೂಕ ಕೊಟ್ಟಿತ್ತು. 2019ರ ಎಂಬುಂಗೆಲಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಡಿಲಿಸಿತು: ಒಪ್ಪಿಸುವ ವಿಧಿ ಮುಖ್ಯವೇ, ಆದರೆ ಅದೊಂದು ಇಲ್ಲದ ಮಾತ್ರಕ್ಕೆ ಮದುವೆ ಬೀಳುವುದಿಲ್ಲ. 2020ರ ಏಪ್ರಿಲ್‌ನಲ್ಲಿ ತ್ಸಾಂಬೊ ಮತ್ತು ಸೆಂಗಾಡಿ ಪ್ರಕರಣ. ಹೆಸರಾಂತ ರ‍್ಯಾಪ್ ಗಾಯಕ ತೀರಿಕೊಂಡಿದ್ದ, ಸೆಂಗಾಡಿ ತಾನು ಅವನ ಹೆಂಡತಿ ಎಂದಳು, ಅವನ ತಂದೆ ತ್ಸಾಂಬೊ ಮದುವೆಯೇ ಆಗಿಲ್ಲ ಎಂದಿದ್ದರು. ಒಪ್ಪಿದ ಲೊಬೊಲಾ 45,000 ರ‍್ಯಾಂಡ್, ಮೊದಲ ಕಂತು 30,000. ಮಾತುಕತೆಯ ದಿನವೇ ಅವನ ಸೋದರತ್ತೆಯರು ಸೆಂಗಾಡಿಗೆ ಅವನ ಉಡುಪಿಗೆ ಹೊಂದುವ ಬಟ್ಟೆ ಉಡಿಸಿ ಸೊಸೆ ಎಂದು ಬರಮಾಡಿಕೊಂಡಿದ್ದರು. ಅದೇ ಒಪ್ಪಿಸಿಕೊಂಡ ಹಾಗೆ ಎಂದು ನ್ಯಾಯಾಲಯ ಹೇಳಿತು.

ಹಾಗೆಂದು ಪದ್ಧತಿಗಳನ್ನೆಲ್ಲ ಬಿಟ್ಟುಬಿಡಿ ಎಂದು ತೀರ್ಪು ಹೇಳಿಲ್ಲ. ಜನ ತಾವೇ ಬದಲಿಸಿಕೊಂಡ ಪದ್ಧತಿಯೂ ಪದ್ಧತಿಯೇ, ಪುಸ್ತಕದಲ್ಲಿ ಹೆಪ್ಪುಗಟ್ಟಿದ್ದು ಮಾತ್ರವಲ್ಲ ಎಂದಿದೆ.

ಪದಹುಳು

ವಕೀಲರೇ, ಅಪ್ಪ ಇಲ್ಲದ ಮನೆ? ತಾಯಿ ಒಬ್ಬಳೇ ಸಾಕಿದ್ದರೆ ಮಾತುಕತೆಗೆ ಯಾರು ಕೂರುತ್ತಾರೆ? ನನ್ನ ಬರಹದಲ್ಲಿ ತಾಯಿಯೇ ಹಣ ಎಣಿಸಿಕೊಳ್ಳುವ ದೃಶ್ಯ ಇದೆ, ಅದು ಸಾಧ್ಯವೇ ಎಂದು ಅನುಮಾನ.

ಕಟ್ಟೆವಕೀಲ

ಸಾಧ್ಯ. 1998ರ ಮಬೆನಾ ಮತ್ತು ಲೆತ್ಸೊಆಲೊ ಪ್ರಕರಣ ಇದೇ. ತಾಯಿ ಮಾತುಕತೆ ನಡೆಸಿ ಲೊಬೊಲಾ ತೆಗೆದುಕೊಂಡಿದ್ದಳು. ಹಳೆಯ ಪುಸ್ತಕಗಳ ಪ್ರಕಾರ ಹೆಂಗಸು ಆ ಜಾಗದಲ್ಲಿ ಕೂರುವಂತಿಲ್ಲ. ಊರಲ್ಲಿ ಈಗ ನಡೆಯುತ್ತಿರುವುದು ಇದು, ಇದೇ ಜೀವಂತ ಕಾನೂನು ಎಂದು ಪ್ರಿಟೋರಿಯಾದ ಹೈಕೋರ್ಟು ಒಪ್ಪಿತು. ಸೋತೊ, ತ್ಸ್ವಾನಾ ಜನರಲ್ಲಂತೂ ‘ರಖಾಡಿ’, ಅಂದರೆ ಸೋದರತ್ತೆ, ಇಲ್ಲದೆ ಮಾತು ಮುಂದಕ್ಕೇ ಹೋಗುವುದಿಲ್ಲ. ಅವಳು ಎದ್ದುಹೋದರೆ ಸಂಧಾನ ಮುರಿದ ಹಾಗೆ.

ಇನ್ನೆರಡು ತೀರ್ಪುಗಳನ್ನು ಬಿಡುವಂತಿಲ್ಲ. 2004ರ ಅಕ್ಟೋಬರ್‌ನ ಭೆ ಪ್ರಕರಣ: ಕೇಪ್‌ಟೌನ್ ಪಕ್ಕದ ಖಾಯೆಲಿತ್ಶಾದ ಇಬ್ಬರು ಹೆಣ್ಣುಮಕ್ಕಳಿಗೆ ತಂದೆಯ ಮನೆ ತಪ್ಪಿ ಅಜ್ಜನ ಪಾಲಾಗಲಿತ್ತು, ಏಕೆಂದರೆ ವಾರಸುದಾರ ಗಂಡಸೇ ಆಗಬೇಕು ಎಂಬ ನಿಯಮ. ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ಹೊಡೆದುಹಾಕಿತು. 2008ರ ಡಿಸೆಂಬರ್‌ನ ಗುಮೆಡೆ ಪ್ರಕರಣ: 1968ರಲ್ಲಿ ಮದುವೆಯಾದ ಹೆಂಗಸು, ನಟಾಲ್‌ನ ಜುಲು ಕಾನೂನಿನ ಸಂಹಿತೆಯಂತೆ ಮನೆತನದ ಆಸ್ತಿಯೆಲ್ಲ ಗಂಡನದು, ವಿಚ್ಛೇದನವಾದರೆ ಅವಳಿಗೆ ಬರಿಗೈ. ಅದೂ ಬಿತ್ತು. ಬಹುಪತ್ನಿ ಮದುವೆಗಳಿಗೆ ಅದೇ ಸಮಾನತೆ ಸಿಗಲು 2017ರ ರಮುಹೊವಿ ತೀರ್ಪಿನವರೆಗೆ ಕಾಯಬೇಕಾಯಿತು. 2021ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು.

ಮೂಲೆಮನೆ

ಬಹುಪತ್ನಿ ಎಂದಿರಿ. ಎರಡನೆಯವಳನ್ನು ತರುವಾಗ ಮೊದಲನೆಯವಳನ್ನು ಕೇಳುತ್ತಾರಾ?

ಕಟ್ಟೆವಕೀಲ

ಕಾಯ್ದೆ ಹೇಳುವುದು: ಗಂಡ ಆಸ್ತಿ ಹಂಚಿಕೆಯ ಲಿಖಿತ ಕರಾರು ಮಾಡಿ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕು. ಎಷ್ಟು ಜನ ಮಾಡುತ್ತಾರೆ ಎನ್ನುವುದು ಬೇರೆ ಮಾತು. 2013ರ ಮಯೆಲಾನೆ ಪ್ರಕರಣದಲ್ಲಿ ಗಂಡ ಸತ್ತ ಮೇಲೆ ಇಬ್ಬರೂ ನೋಂದಣಿಗೆ ಹೋದರು, ಆಗ ತಿಳಿಯಿತು ಇನ್ನೊಬ್ಬಳು ಇದ್ದಾಳೆಂದು. ತ್ಸೋಂಗಾ ಪದ್ಧತಿಯಲ್ಲಿ ಮೊದಲ ಹೆಂಡತಿಯ ಒಪ್ಪಿಗೆ ಬೇಕೇ ಬೇಕು, ಇಲ್ಲದಿದ್ದರೆ ಎರಡನೆಯದು ಮದುವೆಯಲ್ಲ ಎಂದು ಸಂವಿಧಾನ ನ್ಯಾಯಾಲಯ ಹೇಳಿತು. ಎರಡನೆಯವಳೂ ಹೆಂಗಸೇ, ಅವಳೂ ಮೋಸಹೋದವಳೇ ಇರಬಹುದು. ಈ ತೀರ್ಪನ್ನು ಕೊಂಡಾಡುವವರು ಆ ಕಡೆ ನೋಡುವುದಿಲ್ಲ.

ಸುರಗಿ

ವಕೀಲರೇ, ನೋಂದಣಿಯ ಕ್ರಮವನ್ನೂ ಹೇಳಿಬಿಡಿ. ಬರಹ ಓದಿದವರು ‘ಹಾಗಾದರೆ ರಿಜಿಸ್ಟರ್ ಮಾಡಿಸಬಾರದಿತ್ತೇ’ ಎಂದು ಕೇಳಿಯೇ ಕೇಳುತ್ತಾರೆ.

ಕಟ್ಟೆವಕೀಲ

ಮದುವೆಯಾದ ಮೂರು ತಿಂಗಳೊಳಗೆ ಅಲ್ಲಿನ ಗೃಹ ಇಲಾಖೆಯಲ್ಲಿ ನೋಂದಾಯಿಸಬೇಕು. ಗಂಡ ಹೆಂಡತಿ ಇಬ್ಬರೂ ಗುರುತಿನ ಚೀಟಿಯ ಪ್ರತಿಯೊಂದಿಗೆ ಹೋಗಬೇಕು, ಲೊಬೊಲಾ ಪತ್ರ ಇದ್ದರೆ ಅದೂ, ಎರಡೂ ಕಡೆಯಿಂದ ಸಾಕ್ಷಿಗಳು. ನೋಂದಾಯಿಸದಿದ್ದರೂ ಮದುವೆ ಮದುವೆಯೇ, ಕಾಯ್ದೆಯೇ ಹಾಗೆ ಹೇಳುತ್ತದೆ. ಆದರೆ ಈ ರಿಯಾಯಿತಿಯೇ ಜನರನ್ನು ಸೋಮಾರಿ ಮಾಡಿದೆ. ಗಂಡ ಬದುಕಿರುವಾಗ ‘ನಾಳೆ ಹೋಗೋಣ’, ಸತ್ತ ಮೇಲೆ ಸಾಕ್ಷಿಗಳೇ ಎದುರಾಳಿಗಳು. ಆ ಕಡೆಯ ಸಾಕ್ಷಿ ಅತ್ತೆ ಮನೆಯವರೇ ಅಲ್ಲವೇ!

ಆದ್ದರಿಂದ ಮಾತುಕತೆಯ ದಿನವೇ ಬರೆಯುವ ಹಾಳೆಯಲ್ಲಿ ಇವಿಷ್ಟು ಇರಲೇಬೇಕು. ತಾರೀಖು, ಸ್ಥಳ. ಇಬ್ಬರ ಪೂರ್ಣ ಹೆಸರು. ಎಷ್ಟು ಹಸು, ಹಸುವಿಗೆ ಎಷ್ಟು ರ‍್ಯಾಂಡ್. ಇವತ್ತು ಕೊಟ್ಟದ್ದು, ಉಳಿದದ್ದು, ಕಂತಿನ ತಾರೀಖು. ತಾಯಿ ಹಸು ಬೇರೆ ಸಾಲಿನಲ್ಲಿ. ತಪ್ಪುದಂಡ ಇದ್ದರೆ ಸಂತೆಯವರು ಹೇಳಿದ ಹಾಗೆ ಅದೂ ಬೇರೆ. ಎರಡೂ ಕಡೆಯವರ ರುಜು. ಒಂದು ಪ್ರತಿ ಹುಡುಗಿಯ ಕೈಯಲ್ಲಿ. ಈ ಕೊನೆಯದನ್ನೇ ಮರೆಯುತ್ತಾರೆ, ಎರಡು ಪ್ರತಿಯೂ ಚಿಕ್ಕಪ್ಪಂದಿರ ಪೆಟ್ಟಿಗೆಯಲ್ಲಿ ಮಲಗಿರುತ್ತವೆ.

ಇನ್ನೊಂದು ಎಡವಟ್ಟು ಸಂಬಳದವರದ್ದು. ಕರಾರು ಇಲ್ಲದ ಏಕಪತ್ನಿ ಸಾಂಪ್ರದಾಯಿಕ ಮದುವೆಯಲ್ಲಿ ಆಸ್ತಿ, ಸಾಲ ಎರಡೂ ಒಂದೇ ಗಂಟು. ಬೇರೆ ಬೇರೆ ಇಟ್ಟುಕೊಳ್ಳಬೇಕೆನ್ನುವವರು ನೋಟರಿಯ ಮುಂದೆ ವಿವಾಹಪೂರ್ವ ಕರಾರು ಮಾಡಬೇಕು. ಮಾಡುವುದು ಯಾವಾಗ? ಬಿಳಿ ಗೌನಿನ ಮದುವೆಗೆ ಹಿಂದಿನ ವಾರ. ಲೊಬೊಲಾ ಮುಗಿದು, ಸೊಸೆ ಎಂದು ಬರಮಾಡಿಕೊಂಡು ಎರಡು ವರ್ಷ ಆಗಿರುತ್ತದೆ. ಕಾನೂನಿನ ಕಣ್ಣಿನಲ್ಲಿ ಅವರಿಗೆ ಆಗಲೇ ಮದುವೆ ಆಗಿದೆ, ‘ವಿವಾಹಪೂರ್ವ’ ಎಲ್ಲಿಂದ ಬಂತು? ಕರಾರಿಗೆ ರುಜು ಹಾಕುವುದಿದ್ದರೆ ಅಬಖೋಂಗಿ ಗೇಟಿನಲ್ಲಿ ಬಿರುದಾವಳಿ ಹೇಳುವುದಕ್ಕೂ ಮೊದಲೇ ಹಾಕಬೇಕು.

ಮೂಲೆಮನೆ

ಒಪ್ಪಿದೆ, ಮಾರಾಟ ಎಂಬ ಮಾತನ್ನು ಅರ್ಧ ವಾಪಸು ತೆಗೆದುಕೊಂಡೆ. ಉಳಿದರ್ಧಕ್ಕೆ ಉತ್ತರ ಕೊಡಿ. ಹುಡುಗಿಯರನ್ನು ಹೊತ್ತೊಯ್ದು, ಆಮೇಲೆ ಹಸು ಕೊಟ್ಟು ಸಕ್ರಮ ಮಾಡಿಕೊಳ್ಳುವ ಪದ್ಧತಿ ಇದೆಯಲ್ಲ?

ಸುರಗಿ

‘ಉಕುತ್ವಾಲಾ’. ಈಸ್ಟರ್ನ್ ಕೇಪ್‌ನ ಲುಸಿಕಿಸಿಕಿ ಕಡೆಯ ಸುದ್ದಿಗಳಿಂದ ಹೆಸರಾಯಿತು. ಹಳೆಯ ರೂಪದಲ್ಲಿ ಅದು ನಾಟಕ: ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿಕೊಂಡಿರುತ್ತಾರೆ, ಮನೆಯವರು ಒಪ್ಪುತ್ತಿಲ್ಲ, ಅಥವಾ ಹಸು ಸಾಲದು. ಹುಡುಗಿ ಕೂಗಾಡುವ ಹಾಗೆ ನಟಿಸುತ್ತಾಳೆ, ಹುಡುಗನ ಗೆಳೆಯರು ಕರೆದೊಯ್ದು ಹೆಂಗಸರ ಸುಪರ್ದಿಗೆ ಒಪ್ಪಿಸುತ್ತಾರೆ. ಮಾತುಕತೆ ಮುಗಿಯುವವರೆಗೆ ಹುಡುಗ ಮುಟ್ಟುವಂತಿಲ್ಲ, ಮುಟ್ಟಿದರೆ ದಂಡ. ಇದರ ಹೆಸರು ಉಳಿಸಿಕೊಂಡು ತಿರುಳು ತೆಗೆದದ್ದು ಆಮೇಲಿನವರು. ಒಪ್ಪಿಗೆಯೂ ಇಲ್ಲ, ಪ್ರಾಯವೂ ಇಲ್ಲ, ಮುಟ್ಟದಿರುವ ನಿಯಮವೂ ಇಲ್ಲ.

ಕಟ್ಟೆವಕೀಲ

2015ರ ಮಾರ್ಚ್‌ನಲ್ಲಿ ವೆಸ್ಟರ್ನ್ ಕೇಪ್ ಹೈಕೋರ್ಟಿನ ಜೆಜಿಲೆ ತೀರ್ಪು ಇದರ ಮೇಲೆಯೇ. 14ರ ಹುಡುಗಿ, 28ರ ಗಂಡಸು, ಅವಳ ಮನೆಯವರಿಗೆ 8,000 ರ‍್ಯಾಂಡ್. ‘ನಮ್ಮ ಪದ್ಧತಿ’ ಎಂಬ ಸಮರ್ಥನೆ ನಿಲ್ಲಲಿಲ್ಲ, ಅತ್ಯಾಚಾರ ಮತ್ತು ಮಾನವ ಸಾಗಣೆಯ ಶಿಕ್ಷೆ ಉಳಿಯಿತು, ಒಟ್ಟು 22 ವರ್ಷ. ಹಸು ಕೊಟ್ಟ ಮಾತ್ರಕ್ಕೆ ಮದುವೆ ಆಗುವುದಿಲ್ಲ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಸುರಗಿ

ಕನ್ನಡದವರಿಗೆ ತಟ್ಟನೆ ಹೊಳೆಯುವ ಇನ್ನೊಂದು ಸಂಗತಿ ಇದೆ, ಪದಹುಳು ಅನುವಾದದಲ್ಲಿ ಬಂದರೆ ಬಿಡಬೇಡಿ. ‘ಹ್ಲೊನಿಫಾ’. ಹೊಸ ಸೊಸೆ, ‘ಮಕೋಟಿ’, ತಲೆಗೆ ವಸ್ತ್ರ, ಹೆಗಲಿಗೆ ಶಾಲು, ಉದ್ದ ಲಂಗ. ಗಂಡನ ಮನೆಯ ದನದ ಹಟ್ಟಿಯೊಳಗೆ ಕಾಲಿಡುವಂತಿಲ್ಲ. ಮಾವನ ಹೆಸರು ಹೇಳುವಂತಿಲ್ಲ. ಇಷ್ಟಕ್ಕೆ ನಿಂತಿದ್ದರೆ ನಮ್ಮ ಅಜ್ಜಿಯರ ಕಾಲದ್ದೇ, ಗಂಡನ ಹೆಸರು ಒಡಪಿನಲ್ಲಿ ಮಾತ್ರ ಹೇಳುತ್ತಿದ್ದರಲ್ಲ. ಅಲ್ಲಿ ಇನ್ನೂ ಮುಂದೆ ಹೋಗಿದೆ: ಆ ಹೆಸರಿನ ಅಕ್ಷರ ಬರುವ ಬೇರೆ ಮಾತುಗಳನ್ನೂ ಆಡುವಂತಿಲ್ಲ. ಮಾವ ನೀಲಕಂಠ ಆದರೆ ‘ನೀರು’ ಅನ್ನುವಂತಿಲ್ಲ, ‘ನೀಲಿ’ ಅನ್ನುವಂತಿಲ್ಲ ಎಂದು ಊಹಿಸಿ. ಹೆಂಗಸರು ಅಕ್ಷರ ಬದಲಿಸಿ ತಮ್ಮದೇ ಪದಕೋಶ ಕಟ್ಟಿಕೊಂಡರು. ಜುಲು, ಖೋಸಾ ನುಡಿಗಳಿಗೆ ನೆರೆಯ ಖೋಯಿಸಾನ್ ನುಡಿಗಳ ಟಕ್ ಸದ್ದುಗಳು ನುಗ್ಗಲು ಇದೂ ಒಂದು ದಾರಿ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬಾಯಿ ಕಟ್ಟಲು ಮಾಡಿದ ನಿಯಮ ಭಾಷೆಗೇ ಹೊಸ ಸದ್ದು ತಂದದ್ದು ತಮಾಷೆಯೇ.

ನಗರದಲ್ಲಿ ಈಗ ಅತ್ತೆ ಮನೆಗೆ ಹೋದ ವಾರಾಂತ್ಯಕ್ಕೆ ಮಾತ್ರ ತಲೆವಸ್ತ್ರ, ಸೋಮವಾರ ಆಫೀಸಿಗೆ ಎಂದಿನ ಉಡುಪು. ಹೆಸರಿನ ನಿಯಮ ಇನ್ನೂ ಬೇಗ ಸಡಿಲವಾಗಿದೆ, ಫೋನಿನಲ್ಲಿ ಮಾವನ ನಂಬರನ್ನು ಯಾವುದಾದರೂ ಹೆಸರಿನಲ್ಲಿ ಉಳಿಸಲೇಬೇಕಲ್ಲ.

ಮೂಲೆಮನೆ

ಕೊನೆಯದೊಂದು. ಮದುವೆ ಮುರಿದರೆ ಹಸು ವಾಪಸ್ಸೇ? ವಾಪಸು ಕೊಡಲಾಗದ ತವರು ‘ಹೊಂದಿಕೊಂಡು ಹೋಗು’ ಅನ್ನುತ್ತದೆ. ಅಲ್ಲಿಗೆ ಅವಳು ಸಿಕ್ಕಿಬಿದ್ದಳು.

ಕಟ್ಟೆವಕೀಲ

ಸರಿಯಾದ ಜಾಗಕ್ಕೇ ಬೆರಳಿಟ್ಟಿರಿ. ಹಳೆಯ ಪದ್ಧತಿಯಲ್ಲಿ ತಪ್ಪು ಯಾರದು, ಮಕ್ಕಳೆಷ್ಟು ಎಂದು ನೋಡಿ ವಾಪಸಾತಿಯ ಲೆಕ್ಕ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಈಗ ಸಾಂಪ್ರದಾಯಿಕ ಮದುವೆಯೂ ಮುರಿಯುವುದು ನ್ಯಾಯಾಲಯದ ಡಿಕ್ರಿಯಿಂದ ಮಾತ್ರ, ಸಂಬಂಧ ಸರಿಪಡಿಸಲಾಗದಷ್ಟು ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ. ಹಸು ಹಿಂದಿರುಗುವವರೆಗೆ ಕಾಯಬೇಕಿಲ್ಲ. ಉಗಾಂಡಾದಲ್ಲಿ ಇದೇ ಪ್ರಶ್ನೆ ಮಿಫುಮಿ ಎಂಬ ಮಹಿಳಾ ಹಕ್ಕುಗಳ ಸಂಸ್ಥೆಯ ಮೊಕದ್ದಮೆಯಾಗಿ ಹೋಯಿತು. 2015ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಡುವುದನ್ನು ನಿಷೇಧಿಸಲಿಲ್ಲ, ವಾಪಸು ಕೇಳುವುದನ್ನು ಮಾತ್ರ ಸಂವಿಧಾನಬಾಹಿರ ಎಂದಿತು. ಕೀನ್ಯಾದವರು 2014ರ ಮದುವೆ ಕಾಯ್ದೆಯಲ್ಲಿ ಇನ್ನೊಂದು ದಾರಿ ಹಿಡಿದರು: ಮದುವೆ ರುಜುವಾತಿಗೆ ಸಾಂಕೇತಿಕ ಮೊತ್ತ ಕೊಟ್ಟಿದ್ದರೂ ಸಾಕು.

ಪದಹುಳು

ಎಲ್ಲರಿಗೂ ಶರಣು. ಹೀಗೆ ಮಾಡುತ್ತೇನೆ. ‘ಲೊಬೊಲಾ’ವನ್ನು ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ ‘ಗಂಡಿನ ಮನೆಯವರು ಹೆಣ್ಣಿನ ಮನೆಗೆ ತೆರುವ ಹಸು ಅಥವಾ ಹಣ’ ಎಂದು ಬಿಡಿಸುತ್ತೇನೆ. ತೆರ, ತೆರಿಗೆ, ದಂಡ ತೆರುವುದು ಎಲ್ಲ ಒಂದೇ ಬೇರಿನವು, ಆ ಕ್ರಿಯಾಪದ ಸಾಕು. ಅಬಖೋಂಗಿಗೆ ‘ಸಂಧಾನದ ಹಿರಿಯರು’. ಇಂಗುತುವಿಗೆ ‘ತಾಯಿ ಹಸು’. ಇನ್ಹ್ಲವುಲೊಗೆ ‘ತಪ್ಪುದಂಡ’. ಉಮಾಬೊಗೆ ‘ಉಡುಗೊರೆ’ ಎಂದು ಹಾಕಿದ್ದೆ, ಸಪ್ಪೆ.

ದನದಸಂತೆ

‘ಹೊದಿಕಿ ಶಾಸ್ತ್ರ’ ಅನ್ರಿ. ಅಲ್ಲಿ ಆಗೋದು ಅದ ಅಲ್ಲೇನ್ರಿ, ಹೊದಸೋದು.

ಸುರಗಿ

ಹೊದಿಕೆ ಶಾಸ್ತ್ರ ಚೆಂದ, ಆದರೆ ಅದನ್ನು ಉಮೆಂಬೆಸೊಗೆ ಇಡಿ. ಆ ಪದದ ಅರ್ಥವೇ ಹೊದಿಸುವುದು. ಉಮಾಬೊದಲ್ಲಿ ಚಾಪೆ ಮೊದಲು, ಹೊದಿಕೆ ಆಮೇಲೆ. ‘ಚಾಪೆ ಹಾಸುವ ಶಾಸ್ತ್ರ’ ಎಂದರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಕೊಡುವವರು ಯಾರು ಎನ್ನುವುದನ್ನು ಮಾತ್ರ ಎರಡೂ ಕಡೆ ಬಿಡದೆ ಬರೆಯಿರಿ.